ರೇಡಿಯೋ ಇಲ್ಲದ ಕಾರಿನ ಅಕ್ಕೋರು

ಹೋದ ತಿಂಗಳು ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯ ಒಂದು ಸಣ್ಣ ಸಭಾಭವನದಲ್ಲಿ ಅವರಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಫೋಟೋಕ್ಕೆ ಸೇವಂತಿಗೆ ಹಾರ ಹಾಕಿ, ಊದಿನಕಡ್ಡಿ ಹಚ್ಚಿ, ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಭಾಳ ಶಾಂತ ಸ್ವಭಾವದವರು ಎಂದರು ಒಬ್ಬರು. ಎಲ್ಲರ ಜೊತೆ ಹೊಂದಿಕೊಂಡು ಹೋಗುತ್ತಿದ್ದರು ಎಂದರು ಇನ್ನೊಬ್ಬರು. ಜೀವನದಲ್ಲಿ ಯಾರಿಗೂ ಎದುರು ಮಾತಾಡಿದವರಲ್ಲ ಎಂದು ಮತ್ತೊಬ್ಬರು ಕಣ್ಣು ಒರೆಸಿಕೊಂಡರು. ನಾನು ಕುರ್ಚಿಯಲ್ಲಿ ಕೂತು ಕುದಿಯುತ್ತಿದ್ದೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಒಪ್ಪಿದೆ. ಆದರೆ ಇದು ಒಳ್ಳೆಯ ಮಾತಲ್ಲ, ಸುಳ್ಳು ಮಾತು. ಬದುಕಿದ್ದಾಗ ಬಾಯಿ ಮುಚ್ಚಿಸಲಾಗದವರನ್ನು ಸತ್ತ ಮೇಲೆ ಮುಚ್ಚಿಸುವ ಉಪಾಯ. ನನ್ನ ಸರದಿ ಬಂದಾಗ, “ಅವರು ಶಾಂತ ಇದ್ದಿಲ್ಲ. ಜಗಳಗಂಟಿ ಇದ್ರು. ಅದಕ್ಕ ನನಗ ಭಾಳ ಸೇರತಿದ್ರು” ಎಂದು ಹೇಳಿ ಕೂತುಬಿಟ್ಟೆ. ಯಾರೋ ಕೆಮ್ಮಿದರು. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾವಿಬ್ಬರೂ ಟಿಕೋಟಾದಿಂದ ಆಚೆ ಒಂದು ಹಳ್ಳಿಯ ಹೈಸ್ಕೂಲಿನಲ್ಲಿದ್ದೆವು. ಹಳ್ಳಿಯ ಹೆಸರು ಬರೆಯುವುದಿಲ್ಲ. ಬರೆದರೆ ಉಳಿದ ಹಳ್ಳಿಗಳವರು ತಾವು ಹಾಗಲ್ಲ ಅಂದುಕೊಂಡು ಆರಾಮಾಗಿ ಮಲಗುತ್ತಾರೆ. ಅವರು ಗಣಿತ, ನಾನು ಹಿಂದಿ. ಇಬ್ಬರ ಮನೆಯೂ ವಿಜಯಪುರದ ಜಲನಗರದಲ್ಲಿ. ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಕ್ಕಳೆಲ್ಲ ಅಕ್ಕೋರೇ. ಆ ಲೆಕ್ಕಕ್ಕೆ ನಾನೂ ಅಕ್ಕೋರು. ಆದರೆ ಆ ಶಾಲೆಯ ವರಾಂಡದಲ್ಲಿ ‘ಅಕ್ಕೋರು ಬಂದ್ರು’ ಎಂದು ಯಾರಾದರೂ ಪಿಸುಗುಟ್ಟಿದರೆ ಅದು ಅವರೊಬ್ಬರೇ.

ಕುಳ್ಳಗೆ, ಗಟ್ಟಿಮುಟ್ಟಾಗಿದ್ದರು. ಇಳಕಲ್ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು. ಜಾರಿದ ಕನ್ನಡಕವನ್ನು ಸೀಮೆಸುಣ್ಣದ ಬೆರಳಿನಿಂದಲೇ ಮೇಲೇರಿಸುತ್ತಿದ್ದುದರಿಂದ ಸಂಜೆಯ ಹೊತ್ತಿಗೆ ಮೂಗಿನ ಮೇಲೊಂದು ಬಿಳಿ ಗೆರೆ ಮೂಡಿರುತ್ತಿತ್ತು. ಅವರ ಆಯುಧವೆಂದರೆ ಒಂದೇ ಮಾತು: “ಯಾಕ್ರಿ?” ಕೇಳುವಾಗ ದನಿ ಏರಿಸುತ್ತಿರಲಿಲ್ಲ. ಕೇಳಿ ಸುಮ್ಮನೆ ನಿಲ್ಲುತ್ತಿದ್ದರು, ಉತ್ತರ ಬರುವವರೆಗೆ ನಿಲ್ಲುತ್ತಿದ್ದರು. ಹುಡುಗಿಯರನ್ನು ತಾಲ್ಲೂಕಿನ ಕ್ರೀಡಾಕೂಟಕ್ಕೆ ಒಯ್ಯುವುದು ಬೇಡ ಎಂದು ಹೆಡ್ ಮಾಸ್ತರರು ಹೇಳಿದರೆ, “ಯಾಕ್ರಿ?” ಊರ ಹಿರಿಯರು ಶಾಲೆಗೆ ಬಂದಾಗ ಚಹಾ ಮಾಡಿಸುವ ಕೆಲಸ ಅಕ್ಕೋರದು ಎಂದರೆ, “ಯಾಕ್ರಿ?” ವಯಸ್ಸಿದ್ದಾಗ ಹೆಣ್ಣು ನೋಡಲು ಬಂದವರು ಲಗ್ನವಾದ ಮೇಲೆ ನೌಕರಿ ಬಿಡಬೇಕಾಗುತ್ತದೆ ಎಂದಾಗಲೂ ಇದನ್ನೇ ಕೇಳಿದರಂತೆ. “ಉತ್ತರ ತರತೀವಿ ಅಂತ ಹೋದವ್ರು ಇನ್ನೂ ಬಂದಿಲ್ಲ ನೋಡ ಬೇ” ಎಂದು ನಗುತ್ತಿದ್ದರು. ಮದುವೆ ಆಗಲೇ ಇಲ್ಲ. ಅದರ ಬಗ್ಗೆ ಅವರಿಗೆ ದುಃಖವಿದ್ದದ್ದು ನಾನು ಕಾಣೆ. ನಮಗೆಲ್ಲ ಇತ್ತು.

ಐವತ್ತು ದಾಟಿದ ಮೇಲೆ ಕಾರು ಕಲಿತರು. ಮಂಡಿನೋವೋ, ಬಸ್ಸಿನ ಗದ್ದಲವೋ ಕಾರಣವಿರಬೇಕೆಂದು ನಾನು ತಿಳಿದಿದ್ದೆ. ಕೇಳಿದರೆ, “ದಿನಾ ಬಸ್ಸಿನ ಡ್ರೈವರ ಹಚ್ಚಿದ ಹಾಡು ಕೇಳಿ ಕೇಳಿ ಕಿವಿ ಅವಂದ ಆಗ್ಯಾವ. ಇನ್ನ ಮ್ಯಾಲೆ ನನ್ನ ಹಾಡು ನಾ ಕೇಳಬೇಕು” ಎಂದರು. ಹಾಡು ಕೇಳಲೆಂದೇ ಕಾರು ಕೊಂಡ ಆ ಹೆಂಗಸಿಗೆ ಸಿಕ್ಕಿದ್ದು ರೇಡಿಯೋ ಇಲ್ಲದ ಕಾರು. ಯಾರೋ ಬಳಸಿ ಬಿಟ್ಟ ಹಳೆಯ ಸಣ್ಣ ಗಾಡಿ. ಮಾರಿದವನು ಸೀಟಿನ ಕವರು ಬಿಟ್ಟಿದ್ದ, ಗಾಜಿನ ಮೇಲಿನ ಸ್ಟಿಕರು ಬಿಟ್ಟಿದ್ದ, ರೇಡಿಯೋ ಒಂದನ್ನು ಮಾತ್ರ ಕಿತ್ತುಕೊಂಡು ಹೋಗಿದ್ದ. ಅದು ಇರಬೇಕಾದ ಜಾಗದಲ್ಲಿ ಒಂದು ಚೌಕು ತೂತು, ಅದರೊಳಗಿಂದ ನಾಲ್ಕಾರು ವೈರುಗಳು ಇಣುಕುತ್ತಿದ್ದವು. ಅಕ್ಕೋರು ವೈರುಗಳನ್ನು ಒಳಗೆ ನೂಕಿ, ಆ ತೂತಿನಲ್ಲಿ ಶೇಂಗಾ ಚಟ್ನಿಯ ಡಬ್ಬಿ ಇಟ್ಟುಕೊಂಡರು.

ಹಾಡಿಗೆ ಬೇರೆ ದಾರಿ ಹುಡುಕಿದರು. ಘೋಣಸಗಿ ಕಡೆಯ ದ್ರಾಕ್ಷಿ ತೋಟಗಳಿಗೆ ಕೆಲಸಕ್ಕೆ ಹೋಗುವ ಹೆಂಗಸರು ಬುತ್ತಿಯ ಜೊತೆ ಒಂದು ಸ್ಪೀಕರ್ ಡಬ್ಬಿಯನ್ನೂ ಒಯ್ಯುತ್ತಾರೆ. ಹಿಡಿಕೆ ಇರುತ್ತದೆ, ಬ್ಯಾಟರಿ ದೀಪ ಇರುತ್ತದೆ, ಬದಿಯಲ್ಲಿ ಮೆಮೊರಿ ಕಾರ್ಡು ಹಾಕುವ ಸೀಳು ಇರುತ್ತದೆ. ಬಳ್ಳಿಯ ಕಂಬಕ್ಕೆ ತೂಗುಹಾಕಿದರೆ ಸಂಜೆಯ ತನಕ ಹಾಡುತ್ತದೆ. ಹಾಗೆ ನಡೆದು ಹೊರಟಿದ್ದ ಹೆಂಗಸರನ್ನು ಅಕ್ಕೋರು ಒಮ್ಮೊಮ್ಮೆ ಕಾರಿಗೆ ಹತ್ತಿಸಿಕೊಳ್ಳುತ್ತಿದ್ದರು. ಅವರ ಹತ್ತಿರ ನೋಡಿ ಅಂಥದ್ದೇ ಒಂದನ್ನು ಸಿದ್ಧೇಶ್ವರ ಗುಡಿಯ ಪೇಟೆಯಲ್ಲಿ ಕೊಂಡರು. ಕಾರ್ಡಿಗೆ ಹಾಡು ತುಂಬಿಸುವ ಅಂಗಡಿಯಲ್ಲಿ ಇಡೀ ಮಧ್ಯಾಹ್ನ ಸ್ಟೂಲಿನ ಮೇಲೆ ಕೂತು ಒಂದೊಂದೇ ಹಾಡು ಆರಿಸಿದರು. ಅಂಗಡಿಯವ ಬೇಸತ್ತು, “ಅಕ್ಕೋರ, ಎಲ್ಲಾ ಕೂಡೇ ತುಂಬಿಸಿ ಕೊಡ್ತೀನಿ, ಬ್ಯಾಡಾದ್ದು ದಾಟಿಸ್ಕೋತ ಹೋಗ್ರಿ” ಎಂದನಂತೆ. “ಬ್ಯಾಡಾದ್ದು ದಾಟಿಸ್ಕೋತ ಇಷ್ಟ ವರ್ಷ ಆತಪ. ಇನ್ನ ಬೇಕಾದ್ದಷ್ಟ ಹಾಕು” ಎಂದರಂತೆ ಇವರು.

ಕಾರಿನಲ್ಲಿ ಮುಂದೆ ಕೂತವರು ಆ ಡಬ್ಬಿಯನ್ನು ತೊಡೆಯ ಮೇಲೆ ಹಿಡಿಯಬೇಕು. ಅದು ಆ ಕಾರಿನ ಕಾಯಿದೆ, ಮತ್ತು ಮುಂದೆ ಕೂತವಳು ನಾನು. ಗಾಡಿ ಕುಲುಕಿದರೆ ಕಾರ್ಡು ಅಲ್ಲಾಡಿ ಹಾಡು ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಆದ್ದರಿಂದ ರಸ್ತೆಯಲ್ಲಿ ಹಂಪ್ ಬಂದಾಗ ಡಬ್ಬಿಯನ್ನು ಎರಡೂ ಕೈಯಿಂದ ಗಾಳಿಯಲ್ಲಿ ಎತ್ತಿ ಹಿಡಿಯಬೇಕು. “ಹಂಪ್ ಬಂತು, ಎತ್ತ ಬೇ!” ಎಂದು ಅವರು ಕೂಗುವುದು, ನಾನು ಕೂಸಿನಂತೆ ಅದನ್ನು ಎತ್ತುವುದು. ಎದುರಿನಿಂದ ಬರುವ ಬೈಕಿನವರು ನನ್ನನ್ನು ನೋಡಿ ನಗುತ್ತಿದ್ದರು. ಹೊಸ ರೇಡಿಯೋ ಕೂಡಿಸಿಬಿಡಿ ಅಕ್ಕಾ, ನನ್ನ ಕೈಗಳು ಬಿದ್ದುಹೋಗಿವೆ ಎಂದು ನಾನು ಎಷ್ಟು ಸಲ ಹೇಳಿದೆನೋ. ಕೇಳಲಿಲ್ಲ. ಡಬ್ಬಿಯಾದರೆ ಇಳಿದ ಮೇಲೆ ಕೈಯಲ್ಲಿ ಹಿಡಿದು ಹೋಗಬಹುದು, ಕಾರಿಗೆ ಕೂಡಿಸಿದ್ದು ಕಾರಿನಲ್ಲೇ ಬಿದ್ದಿರುತ್ತದೆ ಎನ್ನುವುದು ಅವರ ವಾದ.

ಹಿಂದಿನ ಸೀಟಿನಲ್ಲಿ ನಮ್ಮ ವಿಜ್ಞಾನದ ಸರ್ ಕೂರುತ್ತಿದ್ದರು. ಸಣಕಲು ಮನುಷ್ಯ, ಸಜ್ಜನ, ಯಾವ ಜಗಳದಲ್ಲೂ ಇರಲಾರದವರು. “ಅಕ್ಕೋರ, ಆವಾಜ ಒಂದೀಟು ಸಣ್ಣ ಮಾಡ್ರೆಲಾ” ಎನ್ನುವುದು ಅವರ ದಿನದ ಮೊದಲ ಮಾತು. ಅಕ್ಕೋರು ಅವರ ಮಾತಿಗೆ ಆವಾಜ ಇಳಿಸದಿದ್ದರೂ ಒಂದು ನ್ಯಾಯ ಮಾಡಿದ್ದರು. ಶನಿವಾರ ಸರ್ ಅವರದು. ಅವತ್ತು ಅವರು ತಮ್ಮ ಕಾರ್ಡು ತಂದು ಕೊಡುತ್ತಿದ್ದರು, ಜಲನಗರದಿಂದ ಶಾಲೆಯ ತನಕ ಭಕ್ತಿಗೀತೆ. ಉಳಿದ ದಿನ ಅಕ್ಕೋರ ಹಾಡು. ಅವರ ಕಾರ್ಡಿನಲ್ಲಿ ಏನಿಲ್ಲ ಎಂದು ಕೇಳಿ. ಹಿಂದೂಸ್ತಾನಿ ಖಯಾಲು, ಮರಾಠಿ ನಾಟಕದ ಹಾಡು, ಗಜಲು, ಜಯಂತಿಗೆ ಹಾಡುವ ಭೀಮಗೀತೆ, ಹಳೆಯ ಸಿನಿಮಾ, ಎಲ್ಲ ಇತ್ತು. ಅವರೂ ದನಿಗೂಡಿಸುತ್ತಿದ್ದರು. ಅವರಿಗೆ ರಾಗ ಒಲಿದಿರಲಿಲ್ಲ ಎಂಬುದನ್ನು ಪ್ರೀತಿಯಿಂದಲೇ ಹೇಳುತ್ತಿದ್ದೇನೆ.

ಹಳ್ಳಿ ಕಾಣಿಸಿದ ಕೂಡಲೇ ಮಾತ್ರ ಒಂದೇ ಹಾಡು. “ಈಗ ಅಪ್ಪಂದು ಹಚ್ಚು” ಎನ್ನುತ್ತಿದ್ದರು. ಅವರ ಅಪ್ಪ ಬಬಲೇಶ್ವರ ಸೀಮೆಯವರು. ಹಲಗೆ ಬಾರಿಸಿಕೊಂಡು ತಾವೇ ಕಟ್ಟಿದ ಪದ ಹಾಡುತ್ತಿದ್ದರು, ಉಳಿದ ದಿನ ಕೂಲಿ. ಯಾರೋ ಪುಣ್ಯಾತ್ಮರು ಒಂದು ಪದವನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದರು, ಅದು ಕೊನೆಗೆ ಈ ಕಾರ್ಡಿಗೆ ಬಂದಿತ್ತು. ‘ಹಲಗಿ ನನಗಿರಲೆವ್ವ, ಪಾಟಿ ನೀ ಹಿಡಿ ಮಗಳ’ ಎಂದು ಶುರುವಾಗುವ ಪದ; ತಮಟೆ ನನಗಿರಲಿ, ಸ್ಲೇಟು ನೀನು ಹಿಡಿ ಎಂದು ಅರ್ಥ. ಒರಟು ದನಿ, ನಡುವೆ ಕೆಮ್ಮು, ಎಲ್ಲೋ ಒಂದು ಆಡು ಅರಚುತ್ತದೆ. ಆದರೂ ಆ ದನಿ ಕೇಳಿದರೆ ಬೆನ್ನು ನೆಟ್ಟಗಾಗುತ್ತಿತ್ತು. ಊರ ಹೆಬ್ಬಾಗಿಲಾದ ಅಗಸಿಯನ್ನು ದಾಟಿ, ಗುಡಿಯನ್ನು ದಾಟಿ, ಶಾಲೆಯ ಗೇಟಿಗೆ ಬರುವಷ್ಟರಲ್ಲಿ ಪದ ಅರ್ಧಕ್ಕೆ ಬಂದಿರುತ್ತಿತ್ತು. ಪ್ರಾರ್ಥನೆಯ ಗಂಟೆಯಾಗುತ್ತಿದ್ದುದರಿಂದ ಅಲ್ಲಿಗೇ ನಿಲ್ಲಿಸುತ್ತಿದ್ದೆವು.

ಅಗಸಿಯ ಕಟ್ಟೆಯ ಮೇಲೆ ಬೆಳಗಿನ ಹೊತ್ತು ಹಿರಿಯರು ಕೂತಿರುತ್ತಾರೆ. ಮೊದಮೊದಲು ಅವರಿಗೆ ಆ ಹಾಡು ಸೇರಿತ್ತು. ಒಂದು ದಿನ ಅವರಲ್ಲಿ ದೊಡ್ಡವರು, ಶಾಲಾ ಸಮಿತಿಯಲ್ಲೂ ಇದ್ದ ಗೌಡರು, ಕೈ ಅಡ್ಡ ಹಿಡಿದು ಕಾರು ನಿಲ್ಲಿಸಿದರು.

“ಅಕ್ಕೋರ, ದಿನಾ ಕೇಳ್ತೀವಿ, ಭಾಳ ಚಲೋ ಪದ ಐತಿ. ಯಾರು ಹಾಡ್ಯಾರ?”

“ನಮ್ಮಪ್ಪರಿ.”

“ಹೌದೇನು! ಯಾವ ಊರವ್ರು? ಯಾವ ಮನಿತನ?”

ಅಕ್ಕೋರು ಹೇಳಿದರು. ಊರು ಹೇಳಿದರು, ಓಣಿ ಹೇಳಿದರು. ಗೌಡರು ಕೈ ಹಿಂದಕ್ಕೆ ತೆಗೆದುಕೊಂಡರು. “ಹಂಗೇನು” ಎಂದಷ್ಟೇ ಅಂದು ಹೋಗಿ ಕಟ್ಟೆಯ ಮೇಲೆ ಕೂತರು. ಚಲೋ ಪದ ಆ ಒಂದೇ ಗಳಿಗೆಯಲ್ಲಿ ಗದ್ದಲವಾಗಿ ಹೋಯಿತು.

ವಾರದೊಳಗೆ ಹೆಡ್ ಮಾಸ್ತರರು ಅಕ್ಕೋರನ್ನು ಕರೆಸಿದರು. ನಾನೂ ಅಲ್ಲೇ ಹಾಜರಿ ಬರೆಯುತ್ತ ಕೂತಿದ್ದೆ.

“ಅಕ್ಕೋರ, ಊರವ್ರು ಒಂದು ಮಾತು ಹೇಳ್ಯಾರ. ಅಗಸಿಯಿಂದ ಗುಡಿತನಕ ಅಷ್ಟ ನಿಮ್ಮ ಹಾಡು ಬಂದ್ ಮಾಡ್ರಿ. ಆಮ್ಯಾಲ ನಿಮಗ ಬೇಕಾದಂಗ ಹಚ್ಕೋರಿ.”

“ಯಾಕ್ರಿ?”

“ಗುಡಿ ಐತಲ್ಲರಿ. ಶಾಂತಿ ಇರಬೇಕು ಅಂತಾರ.”

“ಶನಿವಾರ ಇದ ಡಬ್ಬಿ, ಇದ ಆವಾಜ. ಅವತ್ತ ಕಟ್ಟಿಮ್ಯಾಲಿಂದ ಕೈ ಮುಗೀತಾರ. ಶನಿವಾರ ಶಾಂತಿ ಬ್ಯಾಡೇನ್ರಿ?”

“ಅದು ದೇವರ ಹಾಡ್ರಿ...”

“ಟ್ರ್ಯಾಕ್ಟರಿನ್ಯಾಗ ಹುಡುಗರು ಎದೀ ಒಡೆಯೋಹಂಗ ಸಿನಿಮಾ ಹಾಡು ಹಚ್ಕೊಂಡು ಹೋಗ್ತಾರ. ಅದು ಯಾವ ದೇವರದ್ರಿ?”

ಹೆಡ್ ಮಾಸ್ತರರು ಕೆಟ್ಟವರಲ್ಲ. ನಿವೃತ್ತಿ ಹತ್ತಿರ ಬಂದಿತ್ತು, ತಂಟೆ ಬೇಡವಾಗಿತ್ತು. ಮೇಜಿನ ಮೇಲಿನ ಪೇಪರ್‌ವೇಟನ್ನು ಸ್ವಲ್ಪ ಹೊತ್ತು ತಿರುವಿ, “ನಿಮಗ ಗೊತ್ತಿದ್ದದ್ದನ್ನ ನನ್ನ ಬಾಯಾಗ ಯಾಕ ಹೇಳಸ್ತೀರಿ ಅಕ್ಕೋರ?” ಎಂದರು. “ನಿಮ್ಮ ಬಾಯಿಲೆ ಬರಲಿ ಅಂತನ ಕೇಳಾಕತ್ತೇನ್ರಿ” ಎಂದು ಅಕ್ಕೋರು ನಿಂತೇ ಇದ್ದರು. ಹೆಡ್ ಮಾಸ್ತರರು ಹೇಳಲಿಲ್ಲ. ಮರುದಿನ ಅಗಸಿಯಲ್ಲಿ ಅಪ್ಪನ ಹಾಡು ಹಿಂದಿನಂತೆಯೇ ಬಂತು. ಹಿಂದಿನ ಸೀಟಿನಿಂದ ವಿಜ್ಞಾನದ ಸರ್, “ಸಣ್ಣ ಮಾಡ್ರೆಲಾ” ಎಂದು ಬೇಡಿಕೊಳ್ಳುತ್ತಲೇ ಇದ್ದರು.

ಆಮೇಲಿನದನ್ನು ನೀವು ಊಹಿಸಬಹುದು. ಕಟ್ಟೆಯ ಮೇಲೆ ನಮಸ್ಕಾರ ನಿಂತಿತು. ಒಂದು ಸಂಜೆ ಶಾಲೆ ಬಿಟ್ಟು ಬಂದು ನೋಡಿದರೆ ಕಾರಿನ ಎಲ್ಲ ಗಾಲಿಗಳೂ ನೆಲ ಹಿಡಿದಿದ್ದವು. ಗಾಳಿ ತಾನೇ ಹೋಗಿರಬೇಕು ಎಂದರು ಹೆಡ್ ಮಾಸ್ತರರು. “ಎಲ್ಲಾ ಗಾಲಿದೂ ಕೂಡೇ ಹೋಗಾಕ ಗಾಳಿಗೇನು ಸೂಟಿ ಕೊಟ್ಟಿದ್ರೇನ್ರಿ?” ಎಂದರು ಅಕ್ಕೋರು. ವಿಜ್ಞಾನದ ಸರ್ ಬಸ್ಸಿಗೆ ಹೋದರು. ಟಿಕೋಟಾದಿಂದ ಪಂಕ್ಚರಿನವನು ಬರುವ ತನಕ ನಾವಿಬ್ಬರೂ ಬೇವಿನ ಗಿಡದ ಕೆಳಗೆ ಕೂತೆವು. ಒಂದು ಹಾಡಿಗಾಗಿ ಇಷ್ಟೆಲ್ಲ ಯಾಕೆ ಅಕ್ಕಾ, ಬೇರೆ ಕಡೆ ಎಷ್ಟು ಬೇಕಾದರೂ ಕೇಳಬಹುದಲ್ಲ ಎಂದೆ. ಆಗ ಹೇಳಿದರು.

ಅವರು ಸಣ್ಣವರಿದ್ದಾಗ ಅಪ್ಪನನ್ನು ಇದೇ ಊರವರು ಹಾಡಲು ಕರೆಸಿದ್ದರಂತೆ. ಇದೇ ಅಗಸಿಯ ಹೊರಗೆ ನಿಂತು ಅಪ್ಪ ಹಾಡಿದ್ದರು. ಪದ ಕಟ್ಟಿದವನು ಕೊನೆಯ ನುಡಿಯಲ್ಲಿ ತನ್ನ ಊರು, ತನ್ನ ಹೆಸರು ಹೇಳಿ ಮುಗಿಸುವುದು ನಮ್ಮ ಕಡೆಯ ಹಾಡಿಕೆಯ ಪದ್ಧತಿ. ಅದು ಪದಕ್ಕೆ ಹಾಕುವ ಸಹಿ. ಅಪ್ಪ ಆ ನುಡಿಗೆ ಬಂದಾಗ ಈಗಿನ ಗೌಡರ ತಂದೆ ಕೈ ಎತ್ತಿ ನಿಲ್ಲಿಸಿದರು. “‘ಹಾಡು ಸಾಕು, ಹೆಸರು ಬ್ಯಾಡ’ ಅಂದ್ರಂತ. ಹಾಡು ಬೇಕು, ಹೆಸರು ಬ್ಯಾಡ. ನೋಡಿದೇನು?” ಎಂದರು ಅಕ್ಕೋರು. “ಅಪ್ಪ ಹಲಗಿ ಹೆಗಲಿಗೆ ಹಾಕ್ಕೊಂಡು ಬಂದ. ಊಟ ಮಾಡಲಿಲ್ಲ. ಸಾಯೋತನಕ ಈ ಊರ ದಾರಿ ಹಿಡೀಲಿಲ್ಲ. ನನಗ ಈ ಸಾಲಿಗೆ ಆರ್ಡರ್ ಬಂದಾಗ ಬ್ಯಾರೆ ಕಡೆ ಬದಲಿ ಮಾಡಸ್ಕೋಬಹುದಿತ್ತು. ಬೇಕಂತ ಬಂದೇನಿ. ಈ ಅಗಸ್ಯಾಗ ಆ ಪದ ಮುಗೀಬೇಕು.”

“ಹಂಗಿದ್ರ ಒಂದಿನ ಕಾರು ನಿಲ್ಲಿಸಿ ಮುಗಿಸಿಬಿಡ್ರೆಲಾ.”

“ನೌಕರಿಗೆ ಬಂದಾಕಿ ನಾ. ಸಾಲಿ ಹೊತ್ತಿನ್ಯಾಗ ಅಗಸ್ಯಾಗ ನಿಂತ್ರ ಮಕ್ಕಳ ಲೆಕ್ಕ ತಪ್ಪತೈತಿ. ಸಂಜೀಕ ನಿಂತ್ರೂ ನಾ ಈ ಸಾಲಿ ಅಕ್ಕೋರ, ಅವರಿಗೆ ಒಂದು ಮಾತು ಅನ್ನಾಕ ಜಾಗ ಕೊಟ್ಟಂಗಾಗತೈತಿ. ನೋಡೂಣು.”

ಆ ಸಂಜೆಯಿಂದ ನಾನು ಡಬ್ಬಿ ಹಿಡಿಯಲು ಬೇಸರಪಟ್ಟಿಲ್ಲ.

ಗಾಲಿಯಿಂದ ಕೆಲಸವಾಗದಿದ್ದಾಗ ದೂರು ಹೋಯಿತು. ಶಿಕ್ಷಕಿಯೊಬ್ಬರು ತಮ್ಮ ಕಾರಿಗೆ ದೊಡ್ಡ ರೇಡಿಯೋ ಕೂಡಿಸಿ, ಊರಿನ ಶಾಂತಿ ಕದಡುವ ಹಾಡು ಹಾಕುತ್ತಾರೆ ಎಂದು. ದೂರು ಕೊಟ್ಟವರು ಕಾರಿನೊಳಗೆ ಇಣುಕಿ ನೋಡಿದವರಲ್ಲ. ಕಾರಿನಿಂದ ಹಾಡು ಬರುತ್ತದೆ ಎಂದರೆ ಕಾರಿನಲ್ಲಿ ರೇಡಿಯೋ ಇರಲೇಬೇಕು ಎಂದು ನಂಬಿದ್ದರು. ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ವಿಚಾರಣೆಗೆ ಬಂದರು. ಶಾಲೆಯ ಅಂಗಳದಲ್ಲಿ ಗೌಡರು, ಹೆಡ್ ಮಾಸ್ತರರು, ನಾವೆಲ್ಲ ನಿಂತಿದ್ದೆವು. ಹಿಂದಿನ ದಿನವೇ ಅಕ್ಕೋರಿಗೆ ಹೇಳಿದ್ದೆವು, ನೀವು ಬಾಯಿ ಬಿಡಬೇಡಿ ಎಂದು. ಡಬ್ಬಿ ನನ್ನ ಹೆಗಲ ಚೀಲದೊಳಗೆ, ಹಿಂದಿ ಪುಸ್ತಕಗಳ ಅಡಿಯಲ್ಲಿತ್ತು.

ಅಧಿಕಾರಿ ಕಾರಿನ ಬಾಗಿಲು ತೆರೆದು ತಲೆ ಒಳಗೆ ಹಾಕಿದರು. ತೂತಿನೊಳಗಿಂದ ಚಟ್ನಿ ಡಬ್ಬಿ ಹೊರಗೆ ತೆಗೆದರು, ಮುಚ್ಚಳ ಬಿಚ್ಚಿ ಮೂಸಿದರು, ಮತ್ತೆ ಇಟ್ಟರು. ಹೊರಗೆ ಬಂದು ಗೌಡರ ಕಡೆ ನೋಡಿದರು.

“ಎಲ್ಲೈತ್ರಿ ರೇಡಿಯೋ? ಇದರಾಗ ಬರೇ ಶೇಂಗಾ ಚಟ್ನಿ ಐತಿ.”

ಗೌಡರು ತಾವೇ ಬಗ್ಗಿ ನೋಡಿದರು. ಹೆಡ್ ಮಾಸ್ತರರ ಮುಖ ಅರಳಿತು. ಅಧಿಕಾರಿಗೂ ಬೇಗ ಮುಗಿಸಿ ಹೋಗುವುದಿತ್ತು. “ಕಾರಿನ್ಯಾಗ ರೇಡಿಯೋನ ಇಲ್ಲ, ಹಾಡು ಹಚ್ಚೋ ಪ್ರಶ್ನೆನ ಬರೂದಿಲ್ಲ, ದೂರು ಸುಳ್ಳು. ಹಿಂಗಂತ ಬರದು ಮುಗಸ್ತೀನಿ. ಅಕ್ಕೋರ, ನೀವು ಕ್ಲಾಸಿಗೆ ನಡೀರಿ” ಎಂದರು.

ನಾನು ಮನಸ್ಸಿನಲ್ಲಿ ಊರ ದೇವರಿಗೆಲ್ಲ ಕೈ ಮುಗಿದೆ. ಗೆದ್ದೆವು ಅನ್ನಿಸಿತು.

“ಯಾಕ್ರಿ?” ಎಂದರು ಅಕ್ಕೋರು.

ಅಧಿಕಾರಿಗೆ ತಿಳಿಯಲಿಲ್ಲ. “ಏನು ಯಾಕ?”

“ಹಾಡು ಹಚ್ಚೂದಿಲ್ಲ ಅಂತ ಯಾಕ ಬರೀತೀರಿ? ದಿನಾ ಹಚ್ಚತೀನಿ.” ನನ್ನ ಕಡೆ ತಿರುಗಿದರು. “ಕೊಡ ಬೇ ಅದನ್ನ.” ನಾನು ಚೀಲವನ್ನು ಬಿಗಿಯಾಗಿ ಹಿಡಿದು ತಲೆ ಅಲ್ಲಾಡಿಸಿದೆ. ಅವರೇ ಬಂದು ಪುಸ್ತಕಗಳ ಅಡಿಯಿಂದ ಡಬ್ಬಿ ಎಳೆದು, ಕಾರಿನ ಬಾನೆಟ್ಟಿನ ಮೇಲಿಟ್ಟು, ಗುಂಡಿ ಒತ್ತಿದರು. ಅಪ್ಪನ ಒರಟು ದನಿ ಅಂಗಳದ ತುಂಬ ಎದ್ದಿತು. ತರಗತಿಗಳ ಕಿಟಕಿಗಳಲ್ಲಿ ಮಕ್ಕಳ ತಲೆಗಳು ಮೂಡಿದವು.

“ಇದ ನೋಡ್ರಿ ಹಾಡು. ಹಾಡಿದವ ನಮ್ಮಪ್ಪ. ಅಗಸಿಯಿಂದ ಗುಡಿತನಕ ಹಚ್ಚತೀನಿ, ಮುಂದೂ ಹಚ್ಚತೀನಿ. ಶನಿವಾರ ಭಕ್ತಿಗೀತೆ ಹಚ್ಚಿದಾಗ ಯಾರೂ ದೂರು ಕೊಟ್ಟಿಲ್ಲ, ಅದನ್ನೂ ಬರ್ಕೋರಿ. ಯಾಕ ಕೊಟ್ಟಿಲ್ಲ ಅಂತ ಗೌಡ್ರನ್ನ ಕೇಳಿ ಅದನ್ನೂ ಬರ್ಕೋರಿ.”

ಅಧಿಕಾರಿ ಗೌಡರನ್ನು ಕೇಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿಕೊಂಡು ಹೆಡ್ ಮಾಸ್ತರರ ಕೋಣೆಗೆ ಹೋದರು. ಅಲ್ಲಿ ಏನು ಬರೆದರೋ ಗೊತ್ತಿಲ್ಲ.

ಮರಳಿ ಬರುವಾಗ ದಾರಿಯುದ್ದಕ್ಕೂ ನಾನು ಜಗಳವಾಡಿದೆ. ಸುಮ್ಮನಿದ್ದಿದ್ದರೆ ಎಲ್ಲ ಮುಗಿಯುತ್ತಿತ್ತು, ನಿಮಗೆ ನಿಮ್ಮ ಹಟವೇ ದೊಡ್ಡದು, ನಮ್ಮ ಕಷ್ಟ ಕಾಣುವುದಿಲ್ಲ ಎಂದೆ. ಹಿಂದಿನ ಸೀಟಿನಲ್ಲಿ ವಿಜ್ಞಾನದ ಸರ್ ಕಿಟಕಿಯ ಹೊರಗೆ ನೋಡುತ್ತಿದ್ದರು. ಟಿಕೋಟಾ ದಾಟಿದ ಮೇಲೆ ಅಕ್ಕೋರು ಮೆಲ್ಲಗೆ ಹೇಳಿದರು: “ರೇಡಿಯೋ ಇದ್ದಿಲ್ಲ ಅಂತ ಬರದಿದ್ರ, ಹಾಡೂ ಇದ್ದಿಲ್ಲ ಅಂತ ಆಗತಿತ್ತು. ಆಮ್ಯಾಲ ಹಾಡಿದಾವನೂ ಇದ್ದಿಲ್ಲ ಅಂತ ಆಗತಿತ್ತು. ಗೆದ್ದ ಹೆಸರಿಲೆ ನಮ್ಮಪ್ಪನ್ನ ನಾನ ಅಳಿಸಿ ಬರಬೇಕಾಗಿತ್ತೇನ ಬೇ?”

ಮುಂದೆ ಹಂಪ್ ಬಂದಾಗ ಅವರು ಕೂಗುವ ಮೊದಲೇ ನಾನು ಡಬ್ಬಿ ಎತ್ತಿ ಹಿಡಿದೆ.

ಸ್ವಲ್ಪ ದಿನಕ್ಕೆ ವರ್ಗಾವಣೆಯ ಆದೇಶ ಬಂತು. ಆಡಳಿತದ ಹಿತದೃಷ್ಟಿಯಿಂದ ಎಂದು ಅದರಲ್ಲಿತ್ತು. ಬಬಲೇಶ್ವರ ಕಡೆಯ ಒಂದು ಶಾಲೆ. “ಶಿಕ್ಷೆ ಕೊಡಾಕ ಹೋಗಿ ತವರಿಗೆ ಕಳಿಸಿದ್ರು” ಎಂದು ಅಕ್ಕೋರು ನಕ್ಕರು. ಆದರೆ ಹತ್ತನೆಯ ತರಗತಿಯ ಮಕ್ಕಳ ಮುಂದೆ ನಗಲಾಗಲಿಲ್ಲ. ಎಂಟನೆಯ ತರಗತಿಯಿಂದ ತಿದ್ದಿ ತಂದ ಮಕ್ಕಳು, ಪರೀಕ್ಷೆ ಎದುರಿಗಿತ್ತು. ಕೊನೆಯ ಪಾಠ ಮುಗಿಸಿ ಬಂದು ಸ್ಟಾಫ್ ರೂಮಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಅತ್ತರು. ನಾನು ಅವರನ್ನು ಅಳುವುದು ನೋಡಿದ್ದು ಅದೊಂದೇ ಸಲ. ಗೌಡರು ಅಂಥ ಒಬ್ಬ ಗಣಿತದ ಅಕ್ಕೋರನ್ನು ತಮ್ಮ ಊರಿನ ಮಕ್ಕಳ ಕೈಯಿಂದ ಕಸಿದರು. ಅದಕ್ಕಾಗಿ ನಾನು ಅವರನ್ನು ಇಂದಿಗೂ ಕ್ಷಮಿಸಿಲ್ಲ.

ಶಾಲೆಯಿಂದ ಬಿಡುಗಡೆಯಾದ ದಿನ ಮಧ್ಯಾಹ್ನ ಹೆಡ್ ಮಾಸ್ತರರು ಶಾಲು ಹೊದಿಸಿದರು, ಚೂಡಾ ಚಹಾ ಆಯಿತು. ಅಕ್ಕೋರು ಹಾಜರಿ ಪುಸ್ತಕದಲ್ಲಿ ಕೊನೆಯ ಸಹಿ ಮಾಡಿ ಕಾರು ಹತ್ತಿದರು. ನಾನು ಮುಂದೆ, ವಿಜ್ಞಾನದ ಸರ್ ಹಿಂದೆ. ಕಾರು ಗುಡಿಯನ್ನು ದಾಟಿತು. ಅಗಸಿಗೆ ಬಂದಾಗ ಅಕ್ಕೋರು ಕಟ್ಟೆಯ ಎದುರಿಗೇ ನಿಲ್ಲಿಸಿ ಎಂಜಿನ್ನು ಆರಿಸಿದರು. ನಾಲ್ಕೂ ಗಾಜು ಇಳಿಸಿದರು.

“ಅಕ್ಕೋರ, ಇದ್ಯಾಕ್ರಿ ಇಲ್ಲಿ?” ಎಂದು ಸರ್ ಗಾಬರಿಯಾದರು.

“ಈ ಊರ ನೌಕರಿ ಈಗ ಸಹಿ ಮಾಡಿ ಬಿಟ್ಟು ಬಂದೇನ್ರಿ. ಇವತ್ತ ನಾ ಅಕ್ಕೋರಲ್ಲ, ಮಗಳು.” ನನ್ನ ಕಡೆ ನೋಡಿದರು. “ಹಚ್ಚು. ಮೊದಲಿಂದ ಹಚ್ಚು.”

ಹಚ್ಚಿದೆ. ಎಂಜಿನ್ನಿನ ಸದ್ದಿಲ್ಲದೆ ಆ ದನಿ ಅಷ್ಟು ದೊಡ್ಡದಿದೆ ಎಂದು ನನಗೆ ಗೊತ್ತಿರಲಿಲ್ಲ. ಕಟ್ಟೆಯ ಮೇಲಿನವರು ಮಾತು ನಿಲ್ಲಿಸಿದರು. ಎದುರಿನ ಮನೆಗಳ ಬಾಗಿಲಿಗೆ ಹೆಂಗಸರು ಬಂದರು. ಅಷ್ಟರಲ್ಲಿ ಹಿಂದೆ ಬಸ್ಸು ಬಂತು. ಅಗಸಿಯಲ್ಲಿ ಒಂದೇ ಗಾಡಿಗೆ ದಾರಿ, ಬಸ್ಸು ಹಾರ್ನು ಬಡಿಯತೊಡಗಿತು. ಹಿಂದಿನ ಬಾಗಿಲು ತೆರೆದ ಸದ್ದಾಯಿತು. ಸರ್ ಓಡಿಹೋದರು ಅಂದುಕೊಂಡೆ. ತಿರುಗಿ ನೋಡಿದರೆ ಆ ಸಣಕಲು ಮನುಷ್ಯ ಬಸ್ಸಿನ ಮುಂದೆ ನಿಂತು ಎರಡೂ ಕೈ ಎತ್ತಿ, “ಏ, ಹಾರ್ನ್ ಬಂದ್ ಮಾಡಪಾ! ಹಾಡು ನಡದೈತಿ, ಕಾಣವಲ್ದೇನು?” ಎಂದು ಕೂಗುತ್ತಿದ್ದರು. ಹಾರ್ನು ನಿಂತಿತು.

ಪದ ಅರ್ಧ ದಾಟಿತು. ನಾವು ದಿನವೂ ನಿಲ್ಲಿಸುತ್ತಿದ್ದ ಜಾಗ ದಾಟಿತು. ಗೌಡರು ಎದ್ದು ಬಂದು ಕಿಟಕಿಯ ಹತ್ತಿರ ನಿಂತರು.

“ಆತಲ್ಲ ಅಕ್ಕೋರ ನಿಮ್ಮ ಹಾಡು. ಇನ್ನ ನಡೀರಿ.”

“ಇನ್ನ ಆಗಿಲ್ಲರಿ ಗೌಡ್ರ. ಹೆಸರು ಉಳದೈತಿ.”

ಗೌಡರು ಅಲ್ಲೇ ನಿಂತರು. ಅವರ ಕೈ ಅರ್ಧ ಮೇಲೆದ್ದಿತ್ತು. ಹಾಡು ನಿಲ್ಲಿಸಲು ಎದ್ದದ್ದೋ, ಸುಮ್ಮನೆ ಎದ್ದದ್ದೋ, ನನಗೆ ತಿಳಿಯದು. ಅಕ್ಕೋರು ಅವರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ಹಲಗೆಯ ಪೆಟ್ಟು ಬಿರುಸಾಯಿತು, ಅಪ್ಪ ಒಮ್ಮೆ ಕೆಮ್ಮಿ, ಉಸಿರು ತುಂಬಿಕೊಂಡು ಕೊನೆಯ ನುಡಿ ಎತ್ತಿಕೊಂಡರು.

‘ಬಬಲೇಶ್ವರ ಸೀಮೀಯ ದುರಗಪ್ಪ ಕಟ್ಟಿದ ಪದವಿದು,
ಕೇಳಿದರ ಕೇಳ್ರಿ, ಬಿಟ್ಟರ ಬಿಡ್ರಿ.’

ದುರಗಪ್ಪನ ಹೆಸರು ಅಗಸಿಯ ಕಲ್ಲಿಗೆ ಬಡಿದು ಒಮ್ಮೆ ಊರೊಳಗೆ, ಒಮ್ಮೆ ಊರ ಹೊರಗೆ ಕೇಳಿಸಿತು. ಅಕ್ಕೋರು ನನ್ನ ತೊಡೆಯ ಮೇಲಿನ ಡಬ್ಬಿಗೆ ಕೈ ಚಾಚಿ ತಾವಾಗಿಯೇ ಅದನ್ನು ಬಂದ್ ಮಾಡಿದರು.

“ಈಗ ಆತ್ರಿ” ಎಂದು ಗೌಡರಿಗೆ ಹೇಳಿ, ಕೀಲಿ ತಿರುವಿದರು.